ಒಡಲಿನ ಹುದುಗು

ಹೆಂಗಸರು ವೈದ್ಯರ ಮುಂದೆ ದನಿ ತಗ್ಗಿಸಿ ಹೇಳುವ ಮಾತುಗಳಲ್ಲಿ ‘ಬಿಳಿಸೆರಗು’ ಎಂಬುದೊಂದು. ಕೆಲವೆಡೆ ‘ಬಿಳಿ ಹೋಗುತ್ತದೆ’ ಎನ್ನುವರು. ಆಯುರ್ವೇದವನ್ನು ಬಲ್ಲವರು ‘ಶ್ವೇತಪ್ರದರ’ ಎನ್ನುವರು. ಹಳಗನ್ನಡದಲ್ಲಿ ‘ಸೆರಗು’ ಎಂಬ ಮಾತಿಗೆ ಭಯ, ಅಪಾಯ ಎಂಬ ಅರ್ಥವೂ ಉಂಟು. ಆ ಅರ್ಥ ಈ ಬೇನೆಯ ಹೆಸರಿನೊಳಗೆ ಬಂದು ಸೇರಿತೆಂದು ಹೇಳಲಾಗದು. ಆದರೆ ಹೇಳಿಕೊಳ್ಳುವವಳ ಮುಖವನ್ನು ನೋಡಿದರೆ ಸೇರಿರುವಂತೆಯೇ ತೋರುತ್ತದೆ. ಗಂಡನಿಗೆ ಹೇಳಲು ಸಂಕೋಚ. ಅತ್ತೆಗೆ ಹೇಳಿದರೆ ಮೈಗೆ ಉಷ್ಣವೇರಿದೆ ಎಂಬ ತೀರ್ಪು, ಮೆಂತ್ಯದ ನೀರು, ಎಳನೀರು. ನೆರೆಯವರ ಕಿವಿಗೆ ಬಿದ್ದರೆ ಮೈಯನ್ನು ಚೊಕ್ಕಟವಾಗಿಟ್ಟುಕೊಳ್ಳುವುದಿಲ್ಲವೆಂಬ ಮಾತು. ಇನ್ನೂ ಮುಂದೆ ಹೋಗುವವರು ಆಕೆಯ ನಡತೆಯನ್ನೇ ಎಣಿಸತೊಡಗುತ್ತಾರೆ. ಇವೆಲ್ಲಕ್ಕೂ ಅಂಜಿ, ತುರಿಕೆಯನ್ನೂ ಉರಿಯನ್ನೂ ನುಂಗಿಕೊಂಡು ತಿಂಗಳುಗಟ್ಟಲೆ ಕಳೆಯುವ ಹೆಂಗಸರು ಇಂದಿಗೂ ಇದ್ದಾರೆ.

ಈ ಒಂದೇ ಹೆಸರಿನೊಳಗೆ ಹಲವು ಸಂಗತಿಗಳು ಅಡಗಿರುವುದು ಮೊದಲ ತೊಡಕು. ಆರೋಗ್ಯವಂತಳಾದ ಹೆಂಗಸಿಗೆ ಎರಡು ಮುಟ್ಟುಗಳ ನಡುವೆ ಕಾಣುವ ತಿಳಿಯಾದ ಸ್ರಾವವು ಬೇನೆಯೇ ಅಲ್ಲ. ತೆಳ್ಳಗೆ, ಬೂದುಬಣ್ಣವಾಗಿ, ಮೀನಿನ ವಾಸನೆ ಬೀರುವ ಸ್ರಾವಕ್ಕೆ ಬ್ಯಾಕ್ಟೀರಿಯಗಳ ಏರುಪೇರು ಕಾರಣ. ಇವೆರಡಕ್ಕೂ ಸೇರದೆ, ಒಡೆದ ಹಾಲಿನಂತೆ ಗಂಟುಗಂಟಾಗಿ, ಹೆಚ್ಚು ವಾಸನೆಯಿಲ್ಲದೆ, ತಡೆಯಲಾಗದ ತುರಿಕೆಯನ್ನೂ ಮೂತ್ರ ಮಾಡುವಾಗ ಉರಿಯನ್ನೂ ತರುವ ಮತ್ತೊಂದುಂಟು. ಅದೇ ಯೀಸ್ಟಿನ ಸೋಂಕು. ನಾಲ್ವರು ಹೆಂಗಸರಲ್ಲಿ ಮೂವರಿಗೆ ಬಾಳಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆಂದು ವೈದ್ಯರ ಲೆಕ್ಕ. ವರ್ಷಕ್ಕೆ ನಾಲ್ಕು ಸಲ, ಅಥವಾ ಅದಕ್ಕೂ ಹೆಚ್ಚು ಸಲ ಇದರಿಂದ ನರಳುವವರು ಜಗತ್ತಿನಲ್ಲಿ ಸುಮಾರು 13.8 ಕೋಟಿಯೆಂದು 2018ರಲ್ಲಿ ಪ್ರಕಟವಾದ ಅಂದಾಜೊಂದು ತಿಳಿಸಿತು. ಇಷ್ಟು ಮಂದಿಯ ನಡತೆ ಕೆಟ್ಟಿತೆಂದು ಹೇಳಲು ಯಾವ ನೆರೆಯವಳಿಗೂ ಧೈರ್ಯ ಸಾಲದು.

ಯೀಸ್ಟ್ ಎಂಬುದು ಶಿಲೀಂಧ್ರಗಳ ಕುಲಕ್ಕೆ, ಅಂದರೆ ಹಳಸಿದ ರೊಟ್ಟಿಯ ಮೇಲಣ ಬೂಷ್ಟು, ಮಳೆಗಾಲದ ಅಣಬೆ ಇವುಗಳ ಕುಲಕ್ಕೆ, ಸೇರಿದ ಒಂಟಿಕೋಶದ ಜೀವಿ. ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಹುದುಗು ಇದರ ಬಂಧು. ಸೋಂಕಿಗೆ ಬಹುಮಟ್ಟಿಗೆ ಕಾರಣವಾದ ಜಾತಿಯ ಹೆಸರು ಕ್ಯಾಂಡಿಡ ಆಲ್ಬಿಕನ್ಸ್. ‘ಕ್ಯಾಂಡಿಡ’ ಎಂಬ ಕುಲನಾಮವನ್ನು 1923ರಲ್ಲಿ ಇಟ್ಟವಳು ಹಾಲೆಂಡಿನ ಕ್ರಿಸ್ಟೀನ್ ಬೆರ್ಖೌಟ್ ಎಂಬ ವಿದುಷಿ. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ಬೆಳ್ಳಗಿರುವುದು ಎಂದರ್ಥ. ‘ಆಲ್ಬಿಕನ್ಸ್’ ಎಂದರೆ ಬೆಳ್ಳಗಾಗುತ್ತಿರುವುದು. ಬಿಳಿಗೆ ಬಿಳಿಯನ್ನೇ ವಿಶೇಷಣವಾಗಿಸಿದ ಈ ಹೆಸರನ್ನು ನೋಡಿ ವ್ಯಾಕರಣದ ಪಂಡಿತರು ನಗಬಹುದು. ಹಿಂದೆ ರೋಮಿನಲ್ಲಿ ಅಧಿಕಾರ ಬೇಡಿ ಜನರ ಮುಂದೆ ನಿಲ್ಲುವವರು ಬೆಳ್ಳನೆಯ ಉಡುಪು ಧರಿಸುತ್ತಿದ್ದರು; ಚುನಾವಣೆಯ ‘ಕ್ಯಾಂಡಿಡೇಟ್’ ಹುಟ್ಟಿದ್ದೂ ಇದೇ ಬೇರಿನಿಂದ. ಬಿಳಿಯ ಬಟ್ಟೆಯ ಆ ಸಂಪ್ರದಾಯ ಮಾತ್ರ ನಮ್ಮ ದೇಶದಲ್ಲಿ ಅಳಿಯದೆ ಉಳಿದಿದೆ.

ಈ ಜೀವಿ ಹೊರಗಿನಿಂದ ಬಂದು ಮೇಲೆ ಬೀಳುವ ಶತ್ರುವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಬಾಯಿಯಲ್ಲಿ, ಕರುಳಿನಲ್ಲಿ, ಚರ್ಮದ ಮಡಿಕೆಗಳಲ್ಲಿ ಅದು ಮನುಷ್ಯನ ಜೊತೆಯಲ್ಲೇ ಬಾಳುತ್ತದೆ. ಯಾವ ತೊಂದರೆಯೂ ಇಲ್ಲದ ಹೆಂಗಸರಲ್ಲಿಯೇ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಯ ಯೋನಿಯಲ್ಲಿ ಅದು ಸುಮ್ಮನೆ ಇರುತ್ತದೆ. ಹಾಗಾದರೆ ಅದು ‘ಎಲ್ಲಿಂದ ಬಂತು?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಇಷ್ಟು ದಿನ ತೆಪ್ಪಗಿದ್ದುದು ಈಗೇಕೆ ಎದ್ದಿತು ಎಂದು ಕೇಳಬೇಕು.

ಅದನ್ನು ಸುಮ್ಮನಿರಿಸುವ ಏರ್ಪಾಡು ಸೋಜಿಗವಾದುದು. ಹುಡುಗಿ ಮೈನೆರೆದಂದಿನಿಂದ ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜೆನ್ ಎಂಬ ರಸವು ಯೋನಿಯ ಒಳಪದರವನ್ನು ದಪ್ಪಗಿರಿಸಿ, ಅದರ ಕೋಶಗಳಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟವನ್ನು ಕೂಡಿಡುತ್ತದೆ. ಆ ಪಿಷ್ಟದಿಂದ ಪೋಷಣೆ ಪಡೆಯುವ ಬ್ಯಾಕ್ಟೀರಿಯಗಳು ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಟ್ಟು ಆ ಜಾಗವನ್ನು ಹುಳಿಯಾಗಿರಿಸುತ್ತವೆ. ಜರ್ಮನಿಯ ಆಲ್ಬರ್ಟ್ ಡೋಡರ್ಲೈನ್ ಎಂಬ ವೈದ್ಯನು 1892ರಲ್ಲಿ ಇವುಗಳನ್ನು ವರ್ಣಿಸಿದನು. ಲ್ಯಾಕ್ಟೊಬ್ಯಾಸಿಲಸ್ ಎಂಬುದು ಅವುಗಳ ಹೆಸರು. ಮೊಸರಿನ ಹುಳಿಗೂ ಈ ಹುಳಿಗೂ ಒಂದೇ ಆಮ್ಲ. ಅನೇಕ ರೋಗಾಣುಗಳು ಈ ಹುಳಿಯಲ್ಲಿ ಉಳಿಯಲಾರವು. ಯೀಸ್ಟಿನ ಮಾತು ಬೇರೆ. ಅದು ಹುಳಿಯನ್ನು ತಾಳಿಕೊಳ್ಳಬಲ್ಲುದು. ಯೀಸ್ಟಿನ ಸೋಂಕು ತಗಲಿದವಳಲ್ಲಿಯೂ ಹುಳಿಯ ಪ್ರಮಾಣ ಸಾಮಾನ್ಯವಾಗಿ ಇದ್ದಷ್ಟೇ ಇರುತ್ತದೆ. ಆದ್ದರಿಂದ ಹುಳಿ ಕಡಮೆಯಾದುದರಿಂದ ಬೇನೆ ಬಂತು ಎಂಬ ಹಳೆಯ ವಿವರಣೆ ಪೂರ್ತಿಯಾಗಿ ನಿಲ್ಲದು. ನೆರೆಯ ಬ್ಯಾಕ್ಟೀರಿಯಗಳು ಜಾಗವನ್ನೂ ಆಹಾರವನ್ನೂ ಹಂಚಿಕೊಂಡು ಯೀಸ್ಟಿಗೆ ಎಡೆಯಿಲ್ಲದಂತೆ ಮಾಡುತ್ತವೆಂಬುದೂ ಇದರೊಡನೆ ಸೇರಬೇಕು.

ಈ ನೆರೆಹೊರೆಯ ಬೆಲೆ ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದುಬಂದುದು ಒಂದು ದೊಡ್ಡ ಗೆಲುವಿನ ಬೆನ್ನ ಹಿಂದೆಯೇ. 1940ರ ದಶಕದಲ್ಲಿ ಪೆನಿಸಿಲಿನ್ ಬಂದಿತು, ಸ್ಟ್ರೆಪ್ಟೊಮೈಸಿನ್ ಬಂದಿತು, 1948ರಲ್ಲಿ ಆರಿಯೊಮೈಸಿನ್ ಬಂದಿತು. ಸಾಯುವವರು ಎದ್ದು ಕುಳಿತರು. ಆದರೆ ಈ ಪ್ರತಿಜೀವಕಗಳು ರೋಗದ ಬ್ಯಾಕ್ಟೀರಿಯಗಳ ಜೊತೆಗೆ ಒಡಲಿನ ಮಿತ್ರ ಬ್ಯಾಕ್ಟೀರಿಯಗಳನ್ನೂ ಕೊಂದುವು. ಯೀಸ್ಟ್ ಶಿಲೀಂಧ್ರವಾದುದರಿಂದ ಅದಕ್ಕೆ ಏನೂ ಆಗಲಿಲ್ಲ. ಒಕ್ಕಲೆದ್ದ ಊರಿನಲ್ಲಿ ಒಬ್ಬನೇ ಉಳಿದವನಂತೆ ಅದು ಹರಡಿಕೊಂಡಿತು. ನ್ಯುಮೋನಿಯ ವಾಸಿಯಾದ ರೋಗಿಯ ನಾಲಗೆಯ ಮೇಲೆ ಬಿಳಿಯ ಲೇಪ ಕಾಣಿಸಿತು. ಹೆಂಗಸರಿಗೆ ತುರಿಕೆ ಹತ್ತಿತು. ಒಳಗೆ ಸೇವಿಸಬಹುದಾದ, ಶಿಲೀಂಧ್ರವನ್ನು ಕೊಂದು ಮನುಷ್ಯನನ್ನು ಉಳಿಸುವ ಔಷಧ ಆಗ ವೈದ್ಯರ ಕೈಯಲ್ಲಿ ಇರಲಿಲ್ಲ. ಹೆಂಗಸರಿಗೆ ಹಚ್ಚಲು ನೇರಳೆಬಣ್ಣದ ಜೆಂಶಿಯನ್ ವಯಲೆಟ್ ದ್ರಾವಣವಿದ್ದಿತು, ಬಟ್ಟೆಯೆಲ್ಲ ಕಲೆ.

ಅಂತಹ ಔಷಧವನ್ನು ಹುಡುಕಿ ತೆಗೆದವರು ಇಬ್ಬರು ಹೆಂಗಸರು. ಎಲಿಜಬೆತ್ ಲೀ ಹೇಜ಼ನ್ ಹುಟ್ಟಿದುದು 1885ರಲ್ಲಿ, ಅಮೆರಿಕದ ಮಿಸಿಸಿಪಿ ಸಂಸ್ಥಾನದಲ್ಲಿ, ಹತ್ತಿ ಬೆಳೆಯುವವರ ಮನೆಯಲ್ಲಿ. ನಾಲ್ಕು ವರ್ಷ ತುಂಬುವುದರೊಳಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದಳು. ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಓದನ್ನು ಮುಂದುವರಿಸಿ, ನಲವತ್ತು ದಾಟಿದ ಮೇಲೆ, 1927ರಲ್ಲಿ, ಕೊಲಂಬಿಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದಳು. ರೇಚಲ್ ಫುಲ್ಲರ್ ಬ್ರೌನ್ 1898ರಲ್ಲಿ ಹುಟ್ಟಿದವಳು. ತಂದೆ ಸಂಸಾರವನ್ನು ಬಿಟ್ಟುಹೋದ ಮೇಲೆ ತಾಯಿಯೇ ಮಕ್ಕಳನ್ನು ಸಾಕಿದಳು; ಅಜ್ಜಿಯ ಸಿರಿವಂತ ಗೆಳತಿಯೊಬ್ಬಳು ಕಾಲೇಜಿನ ಹಣ ಕಟ್ಟಿದಳು. ಷಿಕಾಗೊದಲ್ಲಿ ರಸಾಯನಶಾಸ್ತ್ರದ ಪ್ರಬಂಧವನ್ನು ಬರೆದೊಪ್ಪಿಸಿದ ಮೇಲೂ ಪರೀಕ್ಷೆ ತಡವಾಯಿತು. ಕೈಯಲ್ಲಿ ಕಾಸಿಲ್ಲದೆ ಕೆಲಸಕ್ಕೆ ಸೇರಿಕೊಂಡವಳಿಗೆ ಪದವಿ ದೊರೆತುದು ಏಳು ವರ್ಷಗಳಾದ ಮೇಲೆ.

ಇಬ್ಬರೂ ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆಯ ಸಂಬಳದವರು. ಹೇಜ಼ನ್ ಇದ್ದುದು ನ್ಯೂಯಾರ್ಕ್ ನಗರದಲ್ಲಿ, ಬ್ರೌನ್ ಇದ್ದುದು ಆಲ್ಬನಿಯಲ್ಲಿ. ನಡುವೆ ಸುಮಾರು 240 ಕಿಲೊಮೀಟರುಗಳ ದಾರಿ. 1948ರಲ್ಲಿ ಇಬ್ಬರೂ ಜೊತೆಗೂಡಿ ಕೆಲಸಕ್ಕೆ ತೊಡಗಿದರು. ಸ್ಟ್ರೆಪ್ಟೊಮೈಸಿನ್ ಸಿಕ್ಕಿದುದು ಮಣ್ಣಿನ ಜೀವಿಯಿಂದ. ಶಿಲೀಂಧ್ರವನ್ನು ಕೊಲ್ಲುವ ವಸ್ತುವೂ ಮಣ್ಣಿನಲ್ಲೇ ಇರಬಾರದೇಕೆ? ಹೇಜ಼ನ್ ನಾನಾ ಕಡೆಗಳಿಂದ ತರಿಸಿದ ಮಣ್ಣಿನಲ್ಲಿಯ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವು ಕ್ಯಾಂಡಿಡವನ್ನು ಕೊಲ್ಲುತ್ತವೆಯೇ ಎಂದು ನೋಡುವಳು. ಕೊಂದರೆ ಆ ಬೆಳೆಯನ್ನು ಗಾಜಿನ ಭರಣಿಗೆ ತುಂಬಿ ಅಂಚೆಯ ಮೂಲಕ ಆಲ್ಬನಿಗೆ ಕಳುಹಿಸುವಳು. ಹಣ್ಣಿನ ಮುರಬ್ಬವನ್ನು ಕಾಪಿಡುವಂತಹ ಮನೆಯ ಭರಣಿ ಅದು. ಬ್ರೌನ್ ಅದರೊಳಗಿನ ಕೊಲ್ಲುವ ವಸ್ತುವನ್ನು ದ್ರಾವಕಗಳಿಂದ ಬೇರ್ಪಡಿಸಿ ಮರಳಿ ಅಂಚೆಗೆ ಹಾಕುವಳು. ಹೇಜ಼ನ್ ಮತ್ತೆ ಪರೀಕ್ಷೆ ಮಾಡುವಳು. ಶಿಲೀಂಧ್ರವನ್ನು ಕೊಂದ ವಸ್ತುಗಳೆಲ್ಲ ಹೆಚ್ಚುಕಡಮೆ ಪ್ರಯೋಗದ ಪ್ರಾಣಿಗಳನ್ನೂ ಕೊಂದುವು. ಇದಕ್ಕೆ ಕಾರಣವುಂಟು: ಬ್ಯಾಕ್ಟೀರಿಯದ ಕೋಶಕ್ಕಿಂತ ಶಿಲೀಂಧ್ರದ ಕೋಶವು ಪ್ರಾಣಿಯ ಕೋಶವನ್ನು ಎಷ್ಟೋ ಹೆಚ್ಚಾಗಿ ಹೋಲುತ್ತದೆ. ಒಂದನ್ನು ಹೊಡೆಯಹೋದರೆ ಇನ್ನೊಂದಕ್ಕೂ ಏಟು ಬೀಳುತ್ತದೆ.

ಕೊನೆಗೆ ಒದಗಿದುದು ಹೇಜ಼ನಳ ಗೆಳೆಯರಾದ ನರ್ಸ್ ದಂಪತಿಗಳ ಹೊಲದ ಮಣ್ಣು. ವರ್ಜೀನಿಯದ ಆ ಹೊಲದಿಂದ ಆಕೆಯೇ ತಂದುದು. ಅದರಲ್ಲಿದ್ದ ಜೀವಿಯು ಶಿಲೀಂಧ್ರವನ್ನು ಕೊಂದು ಪ್ರಾಣಿಯನ್ನು ಉಳಿಸುವ ವಸ್ತುವನ್ನು ಸ್ರವಿಸುತ್ತಿದ್ದಿತು. ಜೀವಿಗೆ ಹೊಲದ ಒಡೆಯರ ಹೆಸರು ಬಂದು ಅದು ಸ್ಟ್ರೆಪ್ಟೊಮೈಸಿಸ್ ನರ್ಸಿಯೈ ಆಯಿತು. ಔಷಧಕ್ಕೆ ನ್ಯೂಯಾರ್ಕ್ ಸಂಸ್ಥಾನದ ಹೆಸರಿನಿಂದ ‘ನಿಸ್ಟಾಟಿನ್’ ಎಂದಾಯಿತು. ಶಿಲೀಂಧ್ರದ ಕೋಶದ ಹೊದಿಕೆಯಲ್ಲಿ ಎರ್ಗೊಸ್ಟಿರಾಲ್ ಎಂಬ ಕೊಬ್ಬಿದೆ. ಮನುಷ್ಯನ ಕೋಶದಲ್ಲಿ ಅದರ ಬದಲು ಕೊಲೆಸ್ಟಿರಾಲ್ ಇದೆ. ನಿಸ್ಟಾಟಿನ್ ಮೊದಲನೆಯದನ್ನು ಹಿಡಿದು ಹೊದಿಕೆಗೆ ತೂತು ಕೊರೆಯುತ್ತದೆ. ಅಷ್ಟೇ ವ್ಯತ್ಯಾಸದಲ್ಲಿ ರೋಗಿ ಬದುಕುತ್ತಾಳೆ.

1950ರಲ್ಲಿ ಶೋಧ ಪ್ರಕಟವಾಯಿತು; 1954ರಲ್ಲಿ ಔಷಧ ಮಾರಾಟಕ್ಕೆ ಬಂದಿತು; 1957ರಲ್ಲಿ ಪೇಟೆಂಟ್ ದೊರೆಯಿತು. ಅದರಿಂದ 1.3 ಕೋಟಿ ಡಾಲರಿಗೂ ಹೆಚ್ಚು ರಾಯಧನ ಬಂದಿತು. ಇಬ್ಬರು ಹೆಂಗಸರೂ ಅದರಲ್ಲಿ ಒಂದು ಕಾಸನ್ನೂ ಮುಟ್ಟದೆ ಸಂಶೋಧನೆಗೂ ವಿದ್ಯಾರ್ಥಿಗಳಿಗೂ ಬಿಟ್ಟುಕೊಟ್ಟರು. ಹೆಂಗಸರಿಗೆ ನೆರವಾದ ಈ ಮದ್ದು ಚಿತ್ರಗಳಿಗೂ ನೆರವಾದುದುಂಟು: ಇಟಲಿಯ ಫ್ಲಾರೆನ್ಸ್ ನಗರಕ್ಕೆ 1966ರಲ್ಲಿ ನೆರೆ ನುಗ್ಗಿ ಹಳೆಯ ಚಿತ್ರಗಳಿಗೆ ಬೂಷ್ಟು ಹಿಡಿದಾಗ ಅವುಗಳಿಗೂ ನಿಸ್ಟಾಟಿನ್ ಬಳಸಲಾಯಿತು. ಹೇಜ಼ನ್ 1975ರಲ್ಲಿಯೂ ಬ್ರೌನ್ 1980ರಲ್ಲಿಯೂ ತೀರಿಕೊಂಡರು.

ಪ್ರತಿಜೀವಕ ಒಂದೇ ಕಾರಣವೆಂದು ಹೇಳಿದರೆ ತಪ್ಪಾದೀತು. ಅದನ್ನು ನುಂಗಿದ ಹೆಂಗಸರಲ್ಲಿ ಎಷ್ಟೋ ಮಂದಿಗೆ ಏನೂ ಆಗುವುದಿಲ್ಲ. ನುಂಗದವರಿಗೂ ಸೋಂಕು ಬರುತ್ತದೆ. ಗರ್ಭಿಣಿಯರಲ್ಲಿ ಈಸ್ಟ್ರೋಜೆನ್ ಏರಿ, ಒಳಪದರದ ಪಿಷ್ಟ ಹೆಚ್ಚಿ, ಯೀಸ್ಟಿಗೆ ಔತಣವಾಗುತ್ತದೆ. ಮೈನೆರೆಯದ ಹುಡುಗಿಯರಿಗೂ ಮುಟ್ಟು ನಿಂತ ಮುದುಕಿಯರಿಗೂ ಈ ಸೋಂಕು ವಿರಳವಾಗಿರುವುದು ಅದೇ ಕಾರಣದಿಂದ. ಅಂತಹವರಿಗೆ ಬಂದರೆ ಬೇರೇನೋ ಇದೆಯೆಂದು ವೈದ್ಯರು ಹುಡುಕುತ್ತಾರೆ. ಆಸ್ತಮ, ಕೀಲುವಾತ ಮುಂತಾದುವಕ್ಕೆ ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿಯೂ, ಬೇರೆ ಕಾರಣದಿಂದ ಮೈಯ ರಕ್ಷಣಾಶಕ್ತಿ ಕುಂದಿದವರಲ್ಲಿಯೂ ಇದು ಸುಲಭವಾಗಿ ತಲೆಯೆತ್ತುತ್ತದೆ.

ಕನ್ನಡನಾಡಿನ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಸಕ್ಕರೆ ಕಾಯಿಲೆಯ ವಿಷಯದಲ್ಲಿ. ಭಾರತದಲ್ಲಿ ಮಧುಮೇಹಿಗಳು 10 ಕೋಟಿಗೂ ಮೀರಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆ ತಿಳಿಸಿತು. ಅವರಲ್ಲಿ ತಮಗೆ ರೋಗವಿದೆಯೆಂದೇ ಅರಿಯದವರು ಬಹಳ. ರಕ್ತದಲ್ಲಿ ಸಕ್ಕರೆ ಏರಿದಾಗ ಯೀಸ್ಟ್ ಕೊಬ್ಬುತ್ತದೆ. ಮತ್ತೆಮತ್ತೆ ತುರಿಕೆ ಬರುವುದೇ ಸಕ್ಕರೆ ಕಾಯಿಲೆಯ ಮೊದಲ ಸುಳಿವಾಗುವುದುಂಟು. ಆದುದರಿಂದ ‘ಉಷ್ಣ’ವೆಂದು ಎಳನೀರು ಕುಡಿಸುವ ಮನೆಯವರು ಒಂದು ಸಲ ರಕ್ತಪರೀಕ್ಷೆಯನ್ನೂ ಮಾಡಿಸಿದರೆ ನಷ್ಟವೇನೂ ಇಲ್ಲ.

ಇದರ ಜೊತೆಗೆ ಹೊಸದೊಂದು ಸಂಗತಿ ಸೇರಿಕೊಂಡಿದೆ. ಡಾಪಾಗ್ಲಿಫ್ಲೋಜ಼ಿನ್ ಮತ್ತು ಅದರ ಒಡಹುಟ್ಟಿದ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರಪಿಂಡದ ಮೂಲಕ ಹೊರಗೆ ಸಾಗಿಸುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವು ಮಾಡುವ ಉಪಕಾರ ದೊಡ್ಡದು. 2020ರಲ್ಲಿ ಡಾಪಾಗ್ಲಿಫ್ಲೋಜ಼ಿನ್‌ನ ಪೇಟೆಂಟ್ ಭಾರತದಲ್ಲಿ ಮುಗಿದ ಮೇಲೆ ಬೆಲೆ ಇಳಿದು ಸಾಮಾನ್ಯರ ಕೈಗೂ ಬಂದುವು. ಆದರೆ ಸಿಹಿಯಾದ ಮೂತ್ರ ಹರಿಯುವ ದಾರಿಯಲ್ಲಿ ಯೀಸ್ಟ್ ಬೆಳೆಯದೆ ಇದ್ದೀತೆ? ಈ ಮಾತ್ರೆ ನುಂಗುವ ಹೆಂಗಸರಿಗೆ ಸೋಂಕು ಹೆಚ್ಚೆಂಬುದು ಪರೀಕ್ಷೆಗಳಲ್ಲಿ ಸ್ಥಿರಪಟ್ಟಿದೆ. 1940ರ ದಶಕದ ಕಥೆಯೇ ಇನ್ನೊಮ್ಮೆ ನಡೆದಂತಿದೆ: ಒಳ್ಳೆಯ ಔಷಧ, ಅದರ ಬೆನ್ನಿಗೆ ಹೆಂಗಸಿನ ಸಣ್ಣ ಸಂಕಟ. ಮಾತ್ರೆ ಬರೆದುಕೊಡುವವರು ಈ ಮಾತನ್ನು ಮೊದಲೇ ಹೇಳಿದ್ದರೆ ಆಕೆ ನಾಚಿಕೆಯಿಂದ ಮಾತ್ರೆಯನ್ನೇ ಬಿಟ್ಟುಬಿಡುವ ಅನಾಹುತ ತಪ್ಪುತ್ತದೆ.

ಹೀಗಿದ್ದೂ ಒಂದು ಒಗಟು ಉಳಿಯುತ್ತದೆ. ಇಬ್ಬರು ಹೆಂಗಸರಲ್ಲಿ ಯೀಸ್ಟ್ ಸಮನಾಗಿದ್ದು ಒಬ್ಬಳಿಗೆ ತುರಿಕೆ, ಇನ್ನೊಬ್ಬಳಿಗೆ ಏನೂ ಇಲ್ಲ, ಇದೇಕೆ? ಅಮೆರಿಕದಲ್ಲಿ ತಾವಾಗಿಯೇ ಒಪ್ಪಿದ ಆರೋಗ್ಯವಂತ ಹೆಂಗಸರಿಗೆ ಯೀಸ್ಟನ್ನು ಬೇಕೆಂದೇ ಸೋಂಕಿಸಿ ನೋಡಿದರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೇನೆ ಬಿದ್ದವರು ಕೆಲವರೇ. ಬಿದ್ದವರಲ್ಲಿ ರಕ್ತದ ಬಿಳಿಕಣಗಳು ಗುಂಪುಗುಂಪಾಗಿ ಬಂದು ಸೇರಿದ್ದುವು. ಅಂದರೆ ಉರಿಗೂ ತುರಿಕೆಗೂ ಯೀಸ್ಟಿನಷ್ಟೇ ಮೈಯ ಅತಿಯಾದ ಪ್ರತಿಭಟನೆಯೂ ಹೊಣೆ. ಅದನ್ನು ಕೆರಳಿಸುವ ವಸ್ತುವೂ 2016ರಲ್ಲಿ ಸಿಕ್ಕಿತು. ದುಂಡಗಿದ್ದ ಯೀಸ್ಟ್ ನೂಲಿನಂತೆ ಉದ್ದವಾಗಿ ಚಾಚಿಕೊಂಡಾಗ ಕ್ಯಾಂಡಿಡಲೈಸಿನ್ ಎಂಬ ವಿಷವನ್ನು ಸ್ರವಿಸಿ ಒಳಪದರದ ಕೋಶಗಳನ್ನು ಗಾಯಗೊಳಿಸುತ್ತದೆ. ದುಂಡಗಿರುವವರೆಗೆ ಸಾಧು, ಉದ್ದವಾದರೆ ದುಷ್ಟ.

ಇನ್ನು ಕೊಳೆಯ ಮಾತು. ಮೈ ಕೊಳೆಯಾಗಿರುವುದರಿಂದ ಈ ಸೋಂಕು ಬರುತ್ತದೆಂಬುದಕ್ಕೆ ಆಧಾರವಿಲ್ಲ. ಹಾಗೆಂದು ನಂಬಿ ಸಾಬೂನಿನಿಂದಲೂ ಡೆಟಾಲಿನಂತಹ ದ್ರಾವಣಗಳಿಂದಲೂ ಒಳಗೆಲ್ಲ ತೊಳೆಯುವವರು ಮಿತ್ರ ಬ್ಯಾಕ್ಟೀರಿಯಗಳನ್ನು ತಾವೇ ಹೊರಗೆ ಹಾಕಿ, ಒಳಪದರವನ್ನು ಕೆರಳಿಸಿಕೊಳ್ಳುತ್ತಾರೆ. ಹೊರಭಾಗಕ್ಕೆ ಬರಿಯ ನೀರು ಸಾಕು. ಮೊಸರನ್ನು ಮದ್ದಾಗಿ ಹಚ್ಚುವ ಹವ್ಯಾಸವೂ ಕೆಲವೆಡೆ ಉಂಟು. ಊಟಕ್ಕೆ ಮೊಸರು ಅಮೃತವೇ ಸರಿ. ಆದರೆ ಅದರಲ್ಲಿರುವ ಬ್ಯಾಕ್ಟೀರಿಯಗಳು ಯೋನಿಯಲ್ಲಿ ನೆಲೆಸುವ ಜಾತಿಯವಲ್ಲ. ಪ್ರತಿಜೀವಕ ಸೇವಿಸುವ ಹೆಂಗಸರಿಗೆ ಲ್ಯಾಕ್ಟೊಬ್ಯಾಸಿಲಸನ್ನು ಕೊಟ್ಟು ನೋಡಿದ ಆಸ್ಟ್ರೇಲಿಯದ ಪರೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು; ಅದರಿಂದ ಸೋಂಕು ತಪ್ಪಲಿಲ್ಲ. ನಡತೆಯ ವಿಚಾರವಾಗಿ ಹೇಳಬೇಕಾದುದು ಇನ್ನೂ ಕಡಮೆ. ಇದು ಸಾಮಾನ್ಯವಾಗಿ ಗಂಡಿನಿಂದ ಹೆಣ್ಣಿಗೆ ಹಬ್ಬುವ ರೋಗಗಳ ಸಾಲಿಗೆ ಸೇರಿಲ್ಲ. ಗಂಡನಿಗೆ ತೊಂದರೆ ಕಾಣದಿದ್ದರೆ ಅವನಿಗೆ ಮದ್ದನ್ನೂ ಕೊಡುವುದಿಲ್ಲ. ಮದುವೆಯಾಗದ ಹುಡುಗಿಗೂ ಬರುತ್ತದೆ.

ಔಷಧಗಳು ಈಗ ಧಾರಾಳ. ಕ್ಲೋಟ್ರಿಮಜ಼ೋಲ್ ಮುಲಾಮು, ಒಳಗಿಡುವ ಗುಳಿಗೆ, 150 ಮಿಲಿಗ್ರಾಮಿನ ಒಂದೇ ಒಂದು ಫ್ಲುಕೊನಜ಼ೋಲ್ ಮಾತ್ರೆ ಇವುಗಳಿಂದ ಬಹುಮಂದಿಗೆ ಕೆಲವು ದಿನಗಳಲ್ಲಿ ಗುಣವಾಗುತ್ತದೆ. ತೊಡಕಿರುವುದು ತಮಗಿರುವುದು ಇದೇ ಎಂದು ತಾವೇ ತೀರ್ಮಾನಿಸಿ ಅಂಗಡಿಯಿಂದ ತರುವುದರಲ್ಲಿ. ಅಮೆರಿಕದಲ್ಲಿ ಹೀಗೆ ತಾವಾಗಿ ಔಷಧ ಕೊಂಡ 95 ಮಂದಿ ಹೆಂಗಸರನ್ನು ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬಳಿಗೆ ಮಾತ್ರ ಬರಿಯ ಯೀಸ್ಟಿನ ಸೋಂಕು ಇದ್ದುದೆಂದು 2002ರಲ್ಲಿ ಗೊತ್ತಾಯಿತು. ಉಳಿದವರು ಬೇರೆ ಬೇನೆಗೆ ಬೇರೆ ಮದ್ದು ಹಚ್ಚುತ್ತಿದ್ದರು. ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಕೆಲವು ಮುಲಾಮುಗಳಲ್ಲಿ ಶಿಲೀಂಧ್ರದ ಔಷಧದೊಡನೆ ಬಲವಾದ ಸ್ಟೀರಾಯ್ಡನ್ನೂ ಬೆರೆಸಿರುತ್ತಾರೆ. ಹಚ್ಚಿದೊಡನೆ ತುರಿಕೆ ಅಡಗುವುದರಿಂದ ಅವುಗಳಿಗೆ ಗಿರಾಕಿ ಹೆಚ್ಚು. ಸ್ಟೀರಾಯ್ಡಿನಿಂದ ಚರ್ಮ ತೆಳುವಾಗಿ ಸೋಂಕು ಒಳಗೊಳಗೇ ಹರಡುವುದು ಆಮೇಲಿನ ಸಂಗತಿ.

ಸರಿಯಾದ ಪರೀಕ್ಷೆಗೆ ಬೇಕಾದುದು ಬಹಳವಿಲ್ಲ. ಹತ್ತಿಯ ಕಡ್ಡಿಯಿಂದ ತೆಗೆದ ಸ್ರಾವವನ್ನು ಗಾಜಿನ ಬಿಲ್ಲೆಗೆ ಸವರಿ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶಗಳೆಲ್ಲ ಕರಗಿ ಯೀಸ್ಟಿನ ನೂಲುಗಳೂ ಮೊಗ್ಗುಗಳೂ ಕಾಣುತ್ತವೆ. ಹುಳಿಯನ್ನು ಅಳೆಯುವ ಕಾಗದದ ಚೂರೊಂದು ಜೊತೆಗಿದ್ದರೆ ಯೀಸ್ಟೋ ಬ್ಯಾಕ್ಟೀರಿಯವೋ ಎಂದು ಬೇರ್ಪಡಿಸುವುದು ಇನ್ನಷ್ಟು ಸುಲಭ. ವರ್ಷದಲ್ಲಿ ಮೂರುನಾಲ್ಕು ಸಲ ಮರುಕಳಿಸಿದರೆ ಯೀಸ್ಟನ್ನು ಬೆಳೆಸಿ ಅದರ ಜಾತಿಯನ್ನು ಗುರುತಿಸಬೇಕಾಗುತ್ತದೆ. ಫ್ಲುಕೊನಜ಼ೋಲಿಗೆ ಬಗ್ಗದ ಜಾತಿಗಳೂ ಇವೆ. ಆಗ ಆರು ತಿಂಗಳ ಕಾಲ ವಾರಕ್ಕೊಂದು ಮಾತ್ರೆಯ ಕ್ರಮವನ್ನು ವೈದ್ಯರು ಹೇಳುವುದುಂಟು. ಗರ್ಭಿಣಿಯರು ಮಾತ್ರ ಫ್ಲುಕೊನಜ಼ೋಲ್ ಮಾತ್ರೆಯನ್ನು ತಾವಾಗಿ ನುಂಗಲೇಬಾರದು. ಅವರಿಗೆ ಒಳಗಿಡುವ ಕ್ಲೋಟ್ರಿಮಜ಼ೋಲನ್ನು ಏಳು ದಿನ ಕೊಡುತ್ತಾರೆ. ಬಸುರಿಯನ್ನು ನೋಡುವ ವೈದ್ಯೆಗೆ ಕೇಳುವ ಮೊದಲೇ ‘ತುರಿಕೆಯಿದೆ’ ಎಂದು ಬಾಯಿಬಿಟ್ಟು ಹೇಳಿದರಾಯಿತು.